ಏಳು ಗಂಟೆಯ ಊಟ

ನನಗೆ ಬಂದ ಕಾಯಿಲೆಗೆ ಮರ್ಯಾದೆ ಇಲ್ಲ. ಆಪರೇಷನ್ ಮಾಡಿಸಿಕೊಂಡವರನ್ನು ನೋಡಲು ಜನ ಸೇಬು, ಮೂಸಂಬಿ ಹಿಡಿದುಕೊಂಡು ಬರುತ್ತಾರೆ. ಕಾಲು ಮುರಿದವರಿಗೆ ಬಸ್ಸಿನಲ್ಲಿ ಸೀಟು ಬಿಟ್ಟುಕೊಡುತ್ತಾರೆ. ಎದೆಯುರಿ, ಹುಳಿತೇಗು ಎಂದರೆ ಮಾತ್ರ ಕೇಳಿದವರು ನಕ್ಕು, "ಗ್ಯಾಸ್ಟ್ರಿಕ್ಕಾ? ನಂಗೂ ಐತೆ ಬುಡಿ" ಎಂದು ತಮ್ಮದೇ ಕಥೆ ಶುರುಮಾಡುತ್ತಾರೆ. ಹೊಳೆನರಸೀಪುರದಿಂದ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಒಮ್ಮೆ ಎದೆ ಒತ್ತಿಕೊಂಡು ಕೂತಿದ್ದಾಗ ಮುಂದಿನ ಸೀಟು, ಹಿಂದಿನ ಸೀಟು, ಪಕ್ಕದ ಸೀಟು ಎಲ್ಲ ಕಡೆಯಿಂದಲೂ ಮಾತ್ರೆ ಬಂತು. ಒಂದೊಂದೂ ಒಂದೊಂದು ಬಣ್ಣ. ಎಲ್ಲರಿಗೂ ಇರುವುದು ನಮಗೂ ಬಂದರೆ ಅದನ್ನು ಕಾಯಿಲೆ ಎಂದು ಯಾರೂ ಒಪ್ಪುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನ ಹಾಗೆ ನುಂಗಿಕೊಂಡು ಕೂತವರು ಇನ್ನೂ ಬಹಳ ಜನ ಇದ್ದಾರೆಂದು ನನಗೆ ಗೊತ್ತು.

ನಾನು ಹೊಳೆನರಸೀಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಹೆಸರು ಗಿರಿಜ. ತವರು ಅರಕಲಗೂಡಿನ ಕಡೆ. ಯಜಮಾನರು ಮಂಜೇಗೌಡರು, ಪೇಟೆಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದಾರೆ. ಮನೆಯಲ್ಲಿ ನಾವಿಬ್ಬರು ಮತ್ತು ಅತ್ತೆ. ಮಗಳು ಓದಲು ಮೈಸೂರಿನ ಹಾಸ್ಟೆಲ್‌ನಲ್ಲಿದ್ದಾಳೆ. ಈ ಕಥೆಯಲ್ಲಿ ಅವಳು ಬರುವುದಿಲ್ಲ, ಪುಣ್ಯವಂತೆ.

ನಮ್ಮ ಮನೆಯ ಒಂದು ಪದ್ಧತಿಯನ್ನು ಮೊದಲು ಹೇಳಿಬಿಡಬೇಕು. ರಾತ್ರಿ ಊಟಕ್ಕೆ ಮುದ್ದೆ. ಮುದ್ದೆ ಹಬೆಯಾಡುತ್ತಿರಬೇಕು, ಯಜಮಾನರ ತಟ್ಟೆಗೆ ಬೀಳುವ ಮುದ್ದೆಯಂತೂ ಮುಟ್ಟಿದರೆ ಕೈ ಸುಡಬೇಕು. ಹಾಗಾಗಿ ಮೊದಲೇ ಎಸರಿಟ್ಟು, ಉರಿ ಸಣ್ಣ ಮಾಡಿ, ಕಾಯಬೇಕು. ಬೀದಿಯ ತಿರುವಿನಲ್ಲಿ ಅವರ ಬೈಕಿನ ಸದ್ದು ಕೇಳಿದ ಕೂಡಲೇ ಹಿಟ್ಟು ಹಾಕಬೇಕು. ಅವರು ಗೇಟು ತೆಗೆದು, ಕೈಕಾಲು ತೊಳೆದು, ಪಂಚೆ ಉಟ್ಟು ಕೂರುವುದಕ್ಕೂ ಮುದ್ದೆ ಕಟ್ಟಿ ತಟ್ಟೆಗೆ ಇಡುವುದಕ್ಕೂ ಸರಿಹೋಗಬೇಕು. ಈ ಲೆಕ್ಕಾಚಾರವನ್ನು ಅತ್ತೆ ತಮ್ಮ ಅತ್ತೆಯಿಂದ ಕಲಿತದ್ದು. ಆಗ ಬೈಕಿನ ಬದಲು ಎತ್ತಿನ ಕೊರಳ ಗೆಜ್ಜೆ ಇತ್ತಂತೆ.

ಮಂಡಿ ಮುಚ್ಚುವುದು ಸಂಜೆ ಏಳಕ್ಕೆ ಮುಂಚೆ. ಮಂಡಿಯಿಂದ ಮನೆಗೆ ಬೈಕಿನಲ್ಲಿ ಎಷ್ಟು ದೂರ? ಒಂದು ಬೀಡಿ ಹಚ್ಚಿ ಮುಗಿಸುವಷ್ಟು. ಆದರೆ ದಾರಿಯಲ್ಲಿ ಒಂದು ಟೀ ಅಂಗಡಿ ಇದೆ, ಅಲ್ಲಿ ಗೆಳೆಯರ ಸಭೆ ಸೇರುತ್ತದೆ. ಕೊಬ್ಬರಿ ರೇಟು, ಎಲೆಕ್ಷನ್ನು, ಬೂವನಹಳ್ಳಿಯ ಹೊಸ ಏರ್‌ಪೋರ್ಟಿಗೆ ಬರಲಿರುವ ವಿಮಾನ, ಎಲ್ಲವನ್ನೂ ಅಲ್ಲೇ ಇಳಿಸಿ, ಹತ್ತಿಸಿ ಮುಗಿಸುವ ಹೊತ್ತಿಗೆ ಒಂಬತ್ತೂವರೆ. ಒಮ್ಮೊಮ್ಮೆ ಹತ್ತು. ಅವರು ಉಂಡ ಮೇಲೆ ಅತ್ತೆ, ಅತ್ತೆ ಉಂಡ ಮೇಲೆ ನಾನು. ಅಷ್ಟು ಹೊತ್ತಿಗೆ ನನ್ನ ಹಸಿವು ಸತ್ತು, ಮತ್ತೆ ಎದ್ದು, ರೇಗಿಕೊಂಡು ಕೂತಿರುತ್ತಿತ್ತು. ಗಬಗಬ ಉಂಡು, ಪಾತ್ರೆ ತೊಳೆದು, ಹಾಸಿಗೆಗೆ ಬೀಳುವುದು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಇದರಲ್ಲಿ ಏನೋ ತಪ್ಪಿದೆ ಎಂದು ನನಗಿಂತ ಮೊದಲು ಹೇಳಿದ್ದು ನನ್ನ ಎದೆ.

ಮೊದಲು ಉರಿ. ಆಮೇಲೆ ಮಲಗಿದರೆ ಗಂಟಲಿಗೆ ಹುಳಿ ನೀರು. ಆಮೇಲೆ ಒಣಕೆಮ್ಮು. ಕೊನೆಗೆ ದನಿಗೇ ಬಂತು. ತರಗತಿಯಲ್ಲಿ ಪದ್ಯ ಓದುತ್ತಿದ್ದಾಗ ದನಿ ಒಡೆದು, ಗಾಳಿ ಮಾತ್ರ ಹೊರಗೆ ಬಂತು. ಹಿಂದಿನ ಬೆಂಚಿನವರು ಕಿಸಕ್ಕೆಂದರು. ನಾನೂ ನಕ್ಕು ನೀರು ಕುಡಿದು ಮುಂದುವರಿದೆ. ಮಾರನೆಯ ದಿನವೂ ಹಾಗೇ ಆಯಿತು. ಕನ್ನಡ ಮೇಷ್ಟ್ರಾದವರಿಗೆ ದನಿ ಹೋದರೆ ಇನ್ನೇನು ಉಳಿಯುತ್ತದೆ? ಹೆಡ್‌ಮಾಸ್ಟರ್ ಕರೆದು, "ಮೇಡಂ, ಒಂದ್ ಮೈಕ್ ತರ್ಸೋಣ್ವಾ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದರು. ನನಗೆ ಮಾತ್ರ ಸ್ಟಾಫ್ ರೂಮಿಗೆ ಬಂದ ಮೇಲೆ ಅಳು ಬಂತು.

ಮನೆಯಲ್ಲಿ ಹೇಳಿದೆ. ಯಜಮಾನರು ಟಿವಿಯಿಂದ ಕಣ್ಣು ತೆಗೆಯದೆ, "ಗ್ಯಾಸ್ಟಿಕ್ ಕಣೆ ಅದು. ಒಂದ್ ಸೋಡಾಕ್ಕೆ ನಿಂಬೆಣ್ಣು ಇಂಡ್ಕಂಡು ಕುಡಿ, ಸರ್‍ರಂತ ಇಳೀತದೆ" ಎಂದರು. ಕುಡಿದೆ. ಸರ್ರಂತ ಏರಿತು. ಅತ್ತೆಗೆ ಇದು ದೃಷ್ಟಿ ಅನ್ನಿಸಿತು. ಸ್ಕೂಲಿಗೆ ಚೆನ್ನಾಗಿ ಸೀರೆ ಉಟ್ಟುಕೊಂಡು ಹೋಗುತ್ತೀನಲ್ಲ, ಯಾರದೋ ಕಣ್ಣು. ನನ್ನನ್ನು ನಿಲ್ಲಿಸಿ, ಮೆಣಸಿನಕಾಯಿ, ಉಪ್ಪು ನಿವಾಳಿಸಿ ಕೆಂಡಕ್ಕೆ ಹಾಕಿದರು. ಮೊದಲೇ ಹುಣ್ಣಾಗಿದ್ದ ಗಂಟಲಿಗೆ ಆ ಘಾಟು ಹೊಕ್ಕು ನಾನು ಕೆಮ್ಮಿ ಕೆಮ್ಮಿ ಕೂತುಬಿಟ್ಟೆ. "ನೋಡ್ದಾ, ಎಷ್ಟು ಇತ್ತು ದೃಷ್ಟಿ!" ಎಂದು ಅತ್ತೆಗೆ ಬಹಳ ಸಮಾಧಾನವಾಯಿತು.

ಮುಂದಿನ ಭಾನುವಾರ ಅತ್ತೆ ನನ್ನನ್ನು ಚನ್ನರಾಯಪಟ್ಟಣದ ಹತ್ತಿರ, ತಮ್ಮ ತಂಗಿಯ ಊರಿನಲ್ಲಿ ನಾಟಿ ಔಷಧಿ ಕೊಡುವ ಒಬ್ಬರ ಬಳಿಗೆ ಕರೆದುಕೊಂಡು ಹೋದರು. ಆತ ನನ್ನನ್ನು ಏನೂ ಕೇಳಲಿಲ್ಲ, ಅತ್ತೆಯನ್ನೇ ಕೇಳಿದ. ಮೆಣಸು, ಶುಂಠಿ, ಇನ್ನೇನೋ ಬೇರು ಅರೆದು ಕಟ್ಟಿದ ಉಂಡೆ ಕೊಟ್ಟು, "ಬರೀ ಒಟ್ಟೆಗೆ ನುಂಗ್ಬೇಕು ಕಣವ್ವ. ಉರಿ ಬಂದ್ರೆ ಎದರ್ಕಬ್ಯಾಡಿ, ಔಷ್ದಿ ಇಡೀತಾ ಐತೆ ಅಂತ ಅರ್ಥ" ಎಂದ. ಔಷಧಿ ಚೆನ್ನಾಗಿಯೇ ಹಿಡಿಯಿತು. ಗಂಟಲಿನಿಂದ ಹೊಕ್ಕುಳದವರೆಗೆ ಹಿಡಿದುಕೊಂಡದ್ದು ವಾರಗಟ್ಟಲೆ ಬಿಡಲಿಲ್ಲ. ಒಂದು ದಿನ ಅನ್ನದ ತುತ್ತು ಎದೆಯ ನಡುವೆ ನಿಂತು, ಕೆಳಗೂ ಇಳಿಯದೆ ಮೇಲೂ ಬಾರದೆ ಒದ್ದಾಡಿಸಿದಾಗ ನಾನೇ ರಜೆ ಹಾಕಿ ಹಾಸನಕ್ಕೆ ಹೊರಟೆ. ಯಜಮಾನರು ಜೊತೆಗೆ ಬಂದರು. ಬಂದರು ಎಂಬುದನ್ನು ಮರೆಯದೆ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಮೊದಲು ಗಂಟಲಿನ ಡಾಕ್ಟರು. ಅವರು ಬಾಯೊಳಗೆ ಕನ್ನಡಿ ಇಟ್ಟು ನೋಡಿ, ಇದು ಗಂಟಲಿನದಲ್ಲ, ಹೊಟ್ಟೆಯಿಂದ ಬಂದದ್ದು ಎಂದು ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿನ ಡಾಕ್ಟರು ಬಾಯಿಯಿಂದ ಕೊಳವೆ ಬಿಟ್ಟು ಅನ್ನನಾಳ ನೋಡಬೇಕು, ನಾಳೆ ಬರಿ ಹೊಟ್ಟೆಯಲ್ಲಿ ಬನ್ನಿ ಎಂದರು. ಮಾರನೆಯ ದಿನ ಬೆಳಿಗ್ಗೆಯಿಂದ ಕಾದೆ. ಅಲ್ಲಿ ಕೂತವರೆಲ್ಲ ಬರಿ ಹೊಟ್ಟೆಯವರು. ಯಾರ ಟಿಫನ್ ಡಬ್ಬಿಯಿಂದಲೋ ಚಿತ್ರಾನ್ನದ ವಾಸನೆ ಬಂದರೆ ಸಾಲಿನಲ್ಲಿದ್ದವರೆಲ್ಲ ಒಟ್ಟಿಗೆ ಆ ಕಡೆ ತಿರುಗುತ್ತಿದ್ದೆವು. ಗೋಡೆಯ ಟಿವಿಯಲ್ಲಿ ಅಡುಗೆ ಕಾರ್ಯಕ್ರಮ ಹಾಕಿದ್ದರು. ಹಾಕಿದವರಿಗೆ ಒಳ್ಳೆಯದಾಗಲಿ.

ನನ್ನ ಹೆಸರು ಕೂಗುವ ಹೊತ್ತಿಗೆ ಯಜಮಾನರು ಹೊರಗೆ ಫೋನಿನಲ್ಲಿದ್ದರು. ಎಲ್ಲೋ ಲಾರಿಗೆ ಕಾಯಿ ತುಂಬುವಲ್ಲಿ ಎಣಿಕೆ ತಪ್ಪಿತ್ತಂತೆ. ನನ್ನ ಕೈಚೀಲ, ಬಳೆ, ಕನ್ನಡಕ ಯಾರ ಕೈಗೆ ಕೊಡಲಿ ಎಂದು ತಡವರಿಸುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದ ಹೆಂಗಸು ಕೈ ಚಾಚಿದರು. ಹಳ್ಳಿಮೈಸೂರಿನ ಕಡೆಯವರು, ಅವರ ಗಂಡ ಒಳಗೆ ಅಡ್ಮಿಟ್ ಆಗಿದ್ದರು. "ಇಂಗ್ ಕೊಡವ್ವ. ನಾನೂ ಓದ್ ತಿಂಗ್ಳು ಬುಡುಸ್ಕಂಡಿವ್ನಿ ಪೈಪ್‌ನ. ಎದರ್ಕಬ್ಯಾಡ. ವಾಂತಿ ಬಂದಂಗಾಯ್ತದೆ, ಅಷ್ಟೆಯ. ಮೂಗಲ್ಲಿ ಉಸ್ರು ತಗಂಡು ನಿಮ್ಮನೆ ದೇವ್ರ ನೆನೀತಾ ಇರು, ಮುಗ್ದೋಯ್ತದೆ" ಎಂದರು. ಅಷ್ಟೇ ಅಲ್ಲ, ಬಾಗಿಲವರೆಗೆ ನನ್ನ ಭುಜ ಹಿಡಿದುಕೊಂಡು ಬಂದರು. ಒಳಗೆ ಗಂಟಲಿಗೆ ಮರಗಟ್ಟಿಸುವ ಔಷಧಿ ಹೊಡೆದು, ಎಡಮಗ್ಗುಲಿಗೆ ಮಲಗಿಸಿದಾಗ ನನಗೆ ಮನೆದೇವರು ನೆನಪಾಗಲಿಲ್ಲ. ಆ ಹೆಂಗಸಿನ ಕೈಯಷ್ಟೇ ನೆನಪಿತ್ತು. ಹೊರಗೆ ಬಂದಾಗ ಅವರು ನನ್ನ ಚೀಲವನ್ನು ಮಡಿಲಲ್ಲಿಟ್ಟುಕೊಂಡು, ಬಳೆಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕೂತಿದ್ದರು. ಹೆಸರು ಕೇಳುವುದನ್ನು ಮರೆತೆ.

ಡಾಕ್ಟರು ಅನ್ನನಾಳದ ಕೆಳಗೆ ಕೆಂಪಾಗಿ ಹುಣ್ಣಾಗಿದೆ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೇವೆ ಎಂದರು. "ಯಾಕೆ ಕಳಿಸಿದ್ದು?" ಎಂದು ನಾನು ಕೇಳಲಿಲ್ಲ. ಯಜಮಾನರೂ ಕೇಳಲಿಲ್ಲ. ಬಸ್ಸಿನಲ್ಲಿ ಇಬ್ಬರೂ ಕಿಟಕಿಯ ಹೊರಗೇ ನೋಡಿದೆವು.

ರಿಪೋರ್ಟಿಗೆ ಕಾದ ಆ ವಾರ ನಮ್ಮ ಮನೆಯಲ್ಲಿ ನಡೆದದ್ದನ್ನು ಬರೆಯಲು ನನಗೆ ನಾಚಿಕೆ ಇಲ್ಲ. ಮದುವೆಯಾದ ಮೇಲೆ ಅಂಥ ಒಳ್ಳೆಯ ವಾರವನ್ನು ನಾನು ಕಂಡಿಲ್ಲ. ಯಜಮಾನರು ಮಂಡಿ ಮುಚ್ಚಿ ನೆಟ್ಟಗೆ ಮನೆಗೆ ಬಂದರು. ಟೀ ಅಂಗಡಿಯವರು ಫೋನು ಮಾಡಿದರೆ "ಮನೇಲಿ ಉಸಾರಿಲ್ಲ ಕಣ್ಲಾ" ಎಂದು ಇಟ್ಟುಬಿಟ್ಟರು. ಅತ್ತೆ ನನಗೆ ಮೆತ್ತಗೆ ಅನ್ನ ಮಾಡಿ, ಹೆಸರುಬೇಳೆ ಬೇಯಿಸಿ, "ಉಣ್ಣು ಕಣಮ್ಮಿ, ಆರೋಯ್ತದೆ" ಎಂದು ಮುಂದೆ ಕೂತರು. ಕ್ಯಾನ್ಸರ್ ಇರಬಹುದು ಎಂಬ ಅನುಮಾನ ಇರುವವರೆಗೂ ನಾನು ಆ ಮನೆಯ ಮನುಷ್ಯಳಾಗಿದ್ದೆ. ನನಗೂ ಭಯವಿತ್ತು, ಮಗಳ ಮುಖ ಕಣ್ಣಿಗೆ ಬಂದು ನಿದ್ದೆ ಹಾರಿಹೋಗುತ್ತಿತ್ತು. ಆದರೆ ಬಿಸಿ ಅನ್ನ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳುತ್ತಿತ್ತು.

ರಿಪೋರ್ಟು ಬಂತು. ಕೆಟ್ಟದ್ದೇನೂ ಇಲ್ಲ. ಡಾಕ್ಟರು ಮಾತ್ರೆ ಬರೆದು, ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. "ಮಾತ್ರೆ ಸ್ವಲ್ಪ ದಿನ ಅಷ್ಟೇ. ನಿಜವಾದ ಔಷಧಿ ಅಂದ್ರೆ ರಾತ್ರಿ ಊಟ ಏಳು ಗಂಟೆಗೆ ಮುಗೀಬೇಕು. ಊಟಕ್ಕೂ ಮಲಗೋದಕ್ಕೂ ಮೂರು ಗಂಟೆ ಅಂತರ ಇರ್ಬೇಕು. ಕಾಫಿ ಬಿಡಿ. ಖಾರ, ಹುಳಿ, ಕರಿದದ್ದು ಕಡಿಮೆ ಮಾಡಿ. ಮಂಚದ ತಲೆ ಕಡೆ ಇಟ್ಟಿಗೆ ಕೊಟ್ಟು ಎತ್ತರಿಸಿ. ಇಷ್ಟು ಮಾಡದಿದ್ರೆ ದನಿ ವಾಪಸ್ ಬರಲ್ಲ, ಹುಣ್ಣೂ ಮಾಯೋದಿಲ್ಲ. ಕೇಳಿಸ್ಕೊಂಡ್ರಲ್ಲ ಸಾರ್?" ಯಜಮಾನರು "ಊಂ ಡಾಕ್ಟ್ರೇ, ನಾನ್ ನೋಡ್ಕತೀನಿ" ಎಂದರು. ಆ ಸಂಜೆ ಅವರು ಟೀ ಅಂಗಡಿಯ ಗೆಳೆಯರಿಗೆ ಒಳ್ಳೆಯ ಸುದ್ದಿ ಹೇಳಲು ಹೋದವರು ಹತ್ತು ಗಂಟೆಗೆ ಬಂದರು.

ಮಾರನೆಯ ಸಂಜೆ ಏಳಕ್ಕೆ ನಾನು ತಟ್ಟೆ ಹಾಕಿಕೊಂಡೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರು. "ಗಂಡ ಇನ್ನೂ ಉಂಡಿಲ್ಲ. ಉಣ್ಣಾಕೆ ಎಂಗಮ್ಮಿ ಮನ್ಸು ಬತ್ತದೆ ನಿಂಗೆ?" ಡಾಕ್ಟರು ಹೇಳಿದ್ದಾರೆ ಎಂದೆ. "ಅದೇನೂ ಇಲ್ಲ ಅಂದ್ರಲ್ಲ ಅವ್ರು! ಇನ್ನೇನ್ ರೋಗ ನಿಂಗೆ?" ಎಂದು ಹೊರಗೆ ಹೋಗಿ ಜಗಲಿಯ ಮೇಲೆ ಕೂತರು. ನಾನು ತಟ್ಟೆ ಮುಚ್ಚಿಟ್ಟೆ. ಯಜಮಾನರು ಬಂದ ಮೇಲೆ ಹೇಳಿದರೆ, "ಅವ್ವಂಗೆ ವಯಸ್ಸಾಗದೆ, ಅವಳ ಮಾತಿಗೆ ತಲೆ ಕೆಡಿಸ್ಕಬ್ಯಾಡ" ಎಂದರು. ಹಾಗಾದರೆ ನೀವು ಬೇಗ ಬನ್ನಿ, ಎಲ್ಲರೂ ಒಟ್ಟಿಗೆ ಏಳಕ್ಕೆ ಉಂಡುಬಿಡೋಣ ಎಂದೆ. "ಆಯ್ತು, ಬತ್ತೀನಿ" ಎಂದರು. ಈ ಮಾತನ್ನು ನಾನು ಎಷ್ಟು ಸಲ ಕೇಳಿದೆ, ಅವರು ಎಷ್ಟು ಸಲ "ಆಯ್ತು" ಎಂದರು ಎಂದು ಈಗ ಹೇಳಲಾರೆ. ಕೇಳಿದೆ, ಜಗಳವಾಡಿದೆ, ದನಿಯೇ ಇಲ್ಲದೆ ಪಿಸುಗುಟ್ಟುತ್ತಲೂ ಜಗಳವಾಡಿದೆ.

ಅಮ್ಮನಿಗೆ ಫೋನು ಮಾಡಿದೆ. ಯಾರಾದರೂ ಒಬ್ಬರು ನನ್ನ ಕಡೆ ಇರಲಿ ಎಂದು. ಅರಕಲಗೂಡಿನ ಆ ಕಡೆಯಿಂದ ಅಮ್ಮ, "ನಾನು ನಿಮ್ಮಪ್ಪ ಬರಗಂಟ ಕಾಯ್ತಿರ್ಲಿಲ್ವಾ? ಕಾಯ್ಲೆ ಅಂತ ಮನೆ ನೇಮ ಕೆಡಿಸ್ಬ್ಯಾಡ ಕಣವ್ವ, ಒಂದ್ಕಂಡೋಗು" ಎಂದಳು. ನನಗೆ ಸಿಟ್ಟು ಬಂದು ಫೋನು ಇಡುವುದರಲ್ಲಿದ್ದೆ. ಅಷ್ಟರಲ್ಲಿ ಅಮ್ಮ, "ನಂಗೂ ಉರೀತಿತ್ತು ಎದೆ. ಅಡ್ಗೆ ಸೋಡಾ ಒಂದ್ ಚಿಟ್ಕೆ ಬಾಯಿಗಾಕ್ಕಂಡು ಮನೀಕತಿದ್ದೆ. ಎಲ್ಲಾ ಎಂಗುಸ್ರಿಗೂ ಉರೀತದೆ ಅನ್ಕಂಡಿದ್ದೆ" ಎಂದಳು. ಅದನ್ನು ಕೇಳಿ ನನಗೆ ಆದ ಸಂಕಟ ಕೊಳವೆ ಬಿಟ್ಟಾಗಲೂ ಆಗಿರಲಿಲ್ಲ. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿದೆ. ಅಮ್ಮ ಈಗ ಎಷ್ಟು ಹೊತ್ತಿಗೆ ಉಣ್ಣುತ್ತಾಳೆಂದು ಕೇಳಿದೆ. "ಅದೇ ಅಭ್ಯಾಸ ಆಗೋಗದೆ, ಒಂಬತ್ತೂವರೆ, ಹತ್ತು" ಎಂದಳು.

ಅಂದಿನಿಂದ ನಾನು ಹಟ ಹಿಡಿದೆ. ಏಳು ಗಂಟೆಗೆ ಅಡುಗೆಮನೆಯಲ್ಲಿ, ಸಿಂಕಿನ ಪಕ್ಕ, ನಿಂತುಕೊಂಡೇ ಉಣ್ಣುತ್ತಿದ್ದೆ. ಮೆತ್ತನೆಯ ಅನ್ನ, ಸಪ್ಪೆ ಬೇಳೆ, ಹೀರೇಕಾಯಿ ಇಲ್ಲವೇ ಸೋರೆಕಾಯಿ ಪಲ್ಯ. ಆಮೇಲೆ ಎಸರಿಟ್ಟು ಬೈಕಿಗೆ ಕಾಯುತ್ತಿದ್ದೆ. ಕದ್ದು ತಿಂದ ಹಾಗಿರುತ್ತಿತ್ತು. ಅತ್ತೆ ಬಂದವರಿಗೆಲ್ಲ, "ನಮ್ ಸೊಸೆ ಆಪೀಸರ್ರು, ಟೈಮ್ ಪರ್ಕಾರ ಉಣ್ತಾರೆ. ಗಂಡ ಯಾವಾಗ್ಲಾರ ಬರ್ಲಿ" ಎನ್ನುತ್ತಿದ್ದರು. ಒಂದು ಬೀಗರೂಟದಲ್ಲಿ ನಾನು ಮಟನ್ ಸಾರು ಬೇಡವೆಂದು ಅನ್ನ, ಮೊಸರು ಕೇಳಿದಾಗ ಬಡಿಸುತ್ತಿದ್ದ ನೆಂಟರೊಬ್ಬರು, "ಏನ್ ಮೇಡಂ, ಸ್ವಾಮಿಗೋಳಾಗ್ಬುಟ್ರಾ? ಯಾವಾಗ ಮಠ ಕಟ್ಸೋದು?" ಎಂದರು. ಪಂಕ್ತಿಯೆಲ್ಲ ನಕ್ಕಿತು. ಯಜಮಾನರೂ ನಕ್ಕರು. ನಾನೂ ನಗಬೇಕಾಯಿತು, ಇಲ್ಲದಿದ್ದರೆ ಮೇಡಂಗೆ ಕೊಬ್ಬು ಎನ್ನುತ್ತಾರೆ.

ಕಾಫಿ ಬಿಟ್ಟದ್ದು ಮಾತ್ರ ನನಗೆ ಸಾವಿನ ಮನೆಯ ದುಃಖ. ಸ್ಟಾಫ್ ರೂಮಿನಲ್ಲಿ ಫ್ಲಾಸ್ಕ್ ತೆಗೆಯುವ ಹೊತ್ತಿಗೆ ಎದ್ದು ಹೊರಗೆ ಹೋಗಿ ಗಿಡಗಳನ್ನು ನೋಡುತ್ತಿದ್ದೆ. ಮಂಚಕ್ಕೆ ಇಟ್ಟಿಗೆ ಕೊಟ್ಟದ್ದರಿಂದ ಯಜಮಾನರು ಬೆಳಗಾಗುವ ಹೊತ್ತಿಗೆ ಕಾಲ ಕಡೆಗೆ ಜಾರಿ ಮುದುಡಿಕೊಂಡಿರುತ್ತಿದ್ದರು. ಎರಡು ದಿನ ನೋಡಿ, ದಿಂಬು ಎತ್ತಿಕೊಂಡು ಹಾಲಿಗೆ ಹೋದರು. ಅತ್ತೆಯ ಲೆಕ್ಕದಲ್ಲಿ ಅದೂ ನನ್ನ ತಪ್ಪೇ.

ದನಿ ಮೆಲ್ಲಗೆ ವಾಪಸ್ಸು ಬಂತು. ಯಾವ ದಿನ ಎಂದು ಗೊತ್ತಾಗಲಿಲ್ಲ. ಒಂದು ಮಧ್ಯಾಹ್ನ ಪಾಠ ಮುಗಿಸಿದಾಗ ಇವತ್ತು ನೀರೇ ಕುಡಿದಿಲ್ಲವಲ್ಲ ಎಂದು ಹೊಳೆಯಿತು. ಹೊಟ್ಟೆ ಹಗುರವಾಗಿತ್ತು, ಗಂಟಲಿನಲ್ಲಿ ಹುಳಿ ಇರಲಿಲ್ಲ. ಅದನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ, ಹಾಗಾಗಿ ಎಂಟನೇ ತರಗತಿಯವರಿಗೆ ಹೇಳಿದೆ. ಅವರು ಸುಮ್ಮನೆ ಚಪ್ಪಾಳೆ ತಟ್ಟಿದರು.

ಇದಾಗಿ ಎರಡು ವರ್ಷಕ್ಕೆ ಯಜಮಾನರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ತೂಕ ಇಳಿದಿತ್ತು, ಪಾದ ಜೋಮು ಹಿಡಿಯುತ್ತಿತ್ತು. ಹಾಸನದ ಇನ್ನೊಬ್ಬ ಡಾಕ್ಟರು ಮಾತ್ರೆ ಬರೆದು, ಹೊತ್ತಿಗೆ ಸರಿಯಾಗಿ ಊಟ ಮಾಡಿ, ರಾತ್ರಿ ಏಳು, ಏಳೂವರೆಗೆಲ್ಲ ಮುಗಿಸಿಬಿಡಿ ಎಂದರು. ನಾನು ಪಕ್ಕದಲ್ಲೇ ಕೂತಿದ್ದೆ. ಇನ್ನು ಶುರುವಾಯಿತು ಇವರ ಪಾಡು, ಪಾಪ ಎಂದುಕೊಂಡೆ. ಹೌದು, ನನಗೆ ಪಾಪ ಅನ್ನಿಸಿತು.

ಮಾರನೆಯ ಸಂಜೆ ಸ್ಕೂಲಿನಿಂದ ಬಂದು ಒಂದಿಷ್ಟು ಪೇಪರ್ ತಿದ್ದಿ ಅಡುಗೆಮನೆಗೆ ಹೋದರೆ ಅತ್ತೆ ಆಗಲೇ ಎಸರಿಟ್ಟಿದ್ದರು. ಇನ್ನೂ ಆರೂವರೆ. "ಮಂಜ ಏಳಕ್ಕೆ ಉಣ್ಬೇಕಂತೆ ಕಣಮ್ಮಿ. ಸುಗರ್ ಐತಲ್ಲ, ಒತ್ತು ಮೀರ್ಸಂಗಿಲ್ಲ" ಎಂದರು. ಬೈಕು ಏಳಕ್ಕೆ ಸರಿಯಾಗಿ ಬಂತು. ಟೀ ಅಂಗಡಿಯ ಫೋನು ಬಂದಾಗ ಇವರು, "ಇಲ್ಲ ಕಣ್ಲಾ, ಇನ್ಮ್ಯಾಕೆ ಏಳಕ್ಕೇ ಊಟ. ಡಾಕ್ಟ್ರು ಯೋಳವ್ರೆ" ಎಂದು ಗತ್ತಿನಿಂದ ಹೇಳಿದರು. ಡಾಕ್ಟರು ಹೇಳಿದ್ದಾರೆ ಎಂಬ ಮಾತಿಗೆ ಈ ಮನೆಯಲ್ಲಿ ಅಷ್ಟು ಬೆಲೆ ಇದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಎರಡು ವರ್ಷ ತಲೆ ಚಚ್ಚಿಕೊಂಡದ್ದು ಅವರಿಗೆ ಒಂದೇ ದಿನದಲ್ಲಿ ಆಗಿಹೋಯಿತು.

ಏಳು ಗಂಟೆಗೆ ನನ್ನ ಊಟ. ಆದರೆ ಏಳು ಗಂಟೆಗೆ ಈಗ ಒಲೆಯ ಮುಂದೆ ಅವರ ಮುದ್ದೆ ತಿರುವುತ್ತಿದ್ದೆ. ಹುಳಿ ಕಮ್ಮಿ, ಉಪ್ಪು ಕಮ್ಮಿ, ಸೊಪ್ಪು ಜಾಸ್ತಿ ಎಂದು ಅವರಿಗೆ ಬೇರೆ ಸಾರು. ನನ್ನ ತಟ್ಟೆ ತೆಗೆದರೆ ಅತ್ತೆ, "ಮೊದ್ಲು ಅವ್ನಿಗೆ ನೋಡು. ನಿಂದು ಎಂಟಾದ್ರೇನು, ಈಗ್ ಉಸಾರಾಗಿದ್ದೀಯಲ್ಲ" ಎಂದರು. ಹೀಗೇ ಕೆಲವು ದಿನ ನಡೆಯಿತು. ಅವರು ಉಂಡು, ಅತ್ತೆ ಉಂಡು, ನನ್ನ ಊಟ ಎಂಟಾಯಿತು, ಆಮೇಲೆ ಎಂಟೂವರೆ. ಒಂದು ಬೆಳಿಗ್ಗೆ ಗಂಟಲಿನಲ್ಲಿ ಆ ಹಳೆಯ ಹುಳಿ. ಎರಡನೇ ಪೀರಿಯಡ್‌ನಲ್ಲಿ ದನಿ ಗೊರಗೊರ ಅಂದಿತು. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು, ಈ ಉರಿಗೆ ಮಾತ್ರೆ ಇಲ್ಲ.

ಆ ಸಂಜೆ ಯಜಮಾನರು ಊಟಕ್ಕೆ ಕೂತು, ಮುದ್ದೆ ಮುರಿಯುತ್ತಾ, ಬಹಳ ಸಂತೋಷದಲ್ಲಿದ್ದರು. "ಅಲ್ಲ ಕಣೆ, ಬೇಗ ಉಂಡ್ರೆ ಒಟ್ಟೆ ಎಷ್ಟು ಅಗೂರಾಗಿರ್ತದೆ! ಬೆಳಗ್ಗೆ ಎದ್ರೆ ಮೈಯೆಲ್ಲಾ ಗೆಲುವು. ಇಷ್ಟ್ ವರ್ಸ ಸುಮ್ನೆ ಅತ್ತು ಗಂಟೆಗೆ ಉಣ್ಕಂಡು ಕೆಟ್ವಿ. ನೀನು ಓದಿರೋಳು, ಮೊದ್ಲೇ ಯೋಳ್ಬಾರ್ದಿತ್ತಾ?"

"ಹೇಳಿದ್ದೆ" ಎಂದೆ.

"ಯಾವಾಗ?"

ಅವರು ಚುಚ್ಚಲು ಕೇಳಿದ್ದಲ್ಲ. ತಲೆಯೆತ್ತಿ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತಾ ಕೇಳಿದರು. ಅವರ ಮುಖ ನೋಡಿದೆ. ಅದರಲ್ಲಿ ಕಪಟ ಇರಲಿಲ್ಲ, ನನ್ನ ಎರಡು ವರ್ಷವೂ ಇರಲಿಲ್ಲ. ಇವರಿಗೆ ಇನ್ನೊಂದು ಸಲ ಹೇಳಿ ದನಿ ಸವೆಸಿಕೊಳ್ಳುವುದು ಯಾತಕ್ಕೆ?

ಒಲೆ ಆರಿಸಿದೆ. ಸಾರಿನ ಪಾತ್ರೆಯನ್ನು ಸೌಟಿನ ಸಮೇತ ತಂದು ಅವರ ಕೈಗೆ ಎಟಕುವ ಹಾಗೆ ನಡುವೆ ಇಟ್ಟೆ. ನನ್ನ ತಟ್ಟೆಗೆ ಅನ್ನ, ಬೇಳೆ ಹಾಕಿಕೊಂಡು, ಅವರ ಎದುರಿಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಆ ಮನೆಯಲ್ಲಿ ಅವರು ಉಣ್ಣುವಾಗ ನಾನೂ ಊಟಕ್ಕೆ ಕೂತದ್ದು ಅದೇ ಮೊದಲು. ಅತ್ತೆ ಬಾಗಿಲಿಗೆ ಬಂದು ನಿಂತರು. ನಾನು ಮೊದಲ ತುತ್ತು ಬಾಯಿಗಿಟ್ಟೆ. ಅನ್ನ ಬೆಚ್ಚಗಿತ್ತು.

"ಸಾರು" ಎಂದರು ಯಜಮಾನರು.

ನಾನು ಏಳಲಿಲ್ಲ.